ಅಷ್ಟಮಿಯ ಸಮುದ್ರ

ದಿನಾ ಬೆಳಿಗ್ಗೆ ನನಗೊಂದು ಕೆಲಸವಿದೆ. ಹುಣಸೆಬೀಜದಷ್ಟು ಹತ್ತಿ ಹರಿದು, ಬೆರಳ ನಡುವೆ ಹೊಸೆದು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಹಿಂಡಿ, ಬಚ್ಚಲ ಬಾಗಿಲಲ್ಲಿ ನಿಂತ ನನ್ನ ಹೆಂಡತಿ ಕಾಶವ್ವನ ಕೈಗೆ ಕೊಡುವುದು. ಅವಳು ಅದನ್ನು ಎಡಗಿವಿಯಲ್ಲಿ ಒತ್ತಿಕೊಂಡು ಜಳಕಕ್ಕೆ ಹೋಗುತ್ತಾಳೆ. ಕಿವಿಯ ತಮಟೆಯಲ್ಲಿ ತೂತು ಬಿದ್ದಿದೆ. ಒಂದು ಹನಿ ನೀರೂ ಒಳಗೆ ಹೋಗಬಾರದೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ.

ಈ ಕೆಲಸವನ್ನು ನನಗೆ ಯಾರೂ ಹಚ್ಚಿದ್ದಲ್ಲ, ನಾನೇ ಹಚ್ಚಿಕೊಂಡದ್ದು. ಬಂದವರು ನೋಡಿ, ಈ ವಯಸ್ಸಿನಲ್ಲೂ ಎಷ್ಟು ಕಾಳಜಿ ಎನ್ನುತ್ತಾರೆ. ನಾನು ಸುಮ್ಮನೆ ಎಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತೇನೆ. ಕಾಳಜಿಯೂ ಇದ್ದೀತು. ಆದರೆ ಬಹುಪಾಲು ಅದು ತಪ್ಪು ಮಾಡಿದವನ ಚಾಕರಿ. ಈ ಹೆಂಗಸು ಒಮ್ಮೆ ಸಮುದ್ರದಲ್ಲಿ ಮುಖವಿಟ್ಟು ಮೀನು ನೋಡಬೇಕೆಂದು ಆಸೆಪಟ್ಟಿದ್ದಳು. ಅವಳ ಕಿವಿ ನೆಟ್ಟಗಿದ್ದ ಕಾಲದಲ್ಲಿ ಅದು ಆಗದಂತೆ ನೋಡಿಕೊಂಡವನು ನಾನು. ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ಹೇಳುವುದಕ್ಕೂ ದಣಿವಾಗುತ್ತದೆ, ಆದರೆ ಹೇಳದೆ ಹೊತ್ತುಕೊಂಡು ತಿರುಗುವುದು ಇನ್ನೂ ದಣಿವು.

ನಮ್ಮೂರು ಸವಣೂರಿನಿಂದ ಯಲವಿಗಿಗೆ ಹೋಗುವ ದಾರಿಯಲ್ಲಿದೆ. ಕರಿಮಣ್ಣಿನ ಹೊಲ, ಹಿಂದೆ ಹತ್ತಿ, ಈಗ ಗೋವಿನಜೋಳ. ಇಲ್ಲಿಯವರಿಗೆ ಸಮುದ್ರವೆಂದರೆ ಉಪ್ಪು ಬರುವ ಜಾಗ, ಅಷ್ಟೇ. ಆ ಮಾತು ನಮ್ಮ ಮನೆಯೊಳಗೆ ಬಂದದ್ದು ಮಗಳು ಶಾರದೆಯ ಫೋನಿನಿಂದ. ಅವಳು ಹಿರೇಕೆರೂರಿನಲ್ಲಿ ಶಾಲಾ ಶಿಕ್ಷಕಿ. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಾಗ ಅವ್ವನ ಪಕ್ಕ ಕುಳಿತು ಯಾವುದೋ ವಿಡಿಯೊ ತೋರಿಸಿದಳು. ನಡುವಯಸ್ಸಿನ ಹೆಂಗಸೊಬ್ಬಳು ಮರಳಿನ ಮೇಲಿಂದ ನಡೆದುಕೊಂಡು ನೀರಿಗೆ ಇಳಿಯುತ್ತಾಳೆ. ಕಣ್ಣು ಮೂಗು ಮುಚ್ಚುವಂಥ ಗಾಜಿನ ಮುಖವಾಡ, ಬಾಯಲ್ಲಿ ಒಂದು ಕೊಳವೆ. ಎದೆಮಟ್ಟ ನೀರು ಬಂದಾಗ ಬೋರಲಾಗಿ ಮಲಗಿ ಮುಖ ಅದ್ದುತ್ತಾಳೆ. ಕೆಳಗೆ ಅರಿಶಿನ, ನೀಲಿ, ಪಟ್ಟಿಪಟ್ಟಿ ಮೀನುಗಳು, ಸಂತೆಯಲ್ಲಿ ಜನ ಓಡಾಡಿದಂತೆ. ಇದಕ್ಕೆ ಸ್ನಾರ್ಕೆಲಿಂಗ್ ಅನ್ನುತ್ತಾರೆ, ಅಂಡಮಾನದ್ದು ಎಂದಳು ಶಾರದೆ.

ಕಾಶವ್ವ ವಿಡಿಯೊವನ್ನು ಮತ್ತೆ ಹಾಕಿಸಿದಳು. ಅದರ ಬೆನ್ನಿಗೆ ಬಂದ ಇನ್ನೊಂದರಲ್ಲಿ ಜನ ದೋಣಿಯಿಂದ ಧುಮುಕುತ್ತಿದ್ದರು. ಆಮೇಲೆ ಕೇಳಿದಳು, “ದೋಣಿ ಹತ್ತಲಾರದನ ಇದು ಆಗ್ತೈತೇನು?”

“ಕೆಲವು ಕಡೆ ಆಗ್ತೈತಿ ಅವ್ವಾ. ರೆಸಾರ್ಟಿನ ಮುಂದನ ದಂಡಿ. ದಂಡಿಯಿಂದ ಹಂಗ ಇಳಿಯೂದು.”

“ಹಂಗಾದ್ರ ನಾ ನೋಡತೇನಿ. ದೋಣಿಯಿಂದ ಧುಮುಕೂದು ಬ್ಯಾಡ, ಎಲ್ಲಾರೂ ನಿಂತು ನೋಡತಾರ, ನನ್ನ ಮೊಣಕಾಲಿಗೆ ಏಣಿ ಹತ್ತಾಕೂ ಬರೂದಿಲ್ಲ. ಕೆರಿಗೆ ಇಳದಂಗ ಇಳೀಬೇಕು.”

ನಲವತ್ತೈದು ವರ್ಷಕ್ಕೂ ಹೆಚ್ಚಿನ ಸಂಸಾರದಲ್ಲಿ ಅವಳು ನನಗಿದು ಬೇಕು ಎಂದು ಬಾಯಿಬಿಟ್ಟದ್ದು ನನಗೆ ನೆನಪಿಲ್ಲ. ಸೀರೆ ತಂದರೆ ಉಡುತ್ತಿದ್ದಳು, ತರದಿದ್ದರೆ ಇದ್ದದ್ದನ್ನು ಉಡುತ್ತಿದ್ದಳು. ಅಂಥವಳು ಕೇಳಿದಳು. ನಾನು ಅಡಿಕೆ ಕತ್ತರಿಸುತ್ತ “ಹೋಗೂಣಂತ” ಎಂದೆ. ಹಾಗೆ ಅಂದಾಗಲೇ ನನಗೆ ಹೋಗುವುದು ಬೇಡವಾಗಿತ್ತು.

ಕಾರಣವಿದೆ. ಕಾಶವ್ವ ಹಾನಗಲ್ಲಿನವಳು. ಕೆರೆಯ ಊರಿನ ಮಗಳು. ಹಿತ್ತಲ ಬಾಗಿಲು ತೆಗೆದರೆ ಬಾವಿ, ನಾಲ್ಕು ಹೆಜ್ಜೆ ಹೋದರೆ ಕೆರೆ. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಅವಳಪ್ಪ ಅವಳನ್ನು ಬಾವಿಗೆ ಇಳಿಸಿದ್ದನಂತೆ. ವಾರ ಕಳೆಯುವುದರೊಳಗೆ ಬುರುಡೆ ಬಿಚ್ಚಿ ಎಸೆದಿದ್ದಳಂತೆ. ಅಣ್ಣಂದಿರು ಬಾವಿಯ ತಳಕ್ಕೆ ಬಿಟ್ಟ ಕೊಡವನ್ನು ಮುಳುಗಿ ತರುತ್ತಿದ್ದವಳು ಇವಳೇ. ನನ್ನ ಕಥೆ ಬೇರೆ. ನಮ್ಮ ಸೀಮೆಯಲ್ಲಿ ಬಾವಿಗಳೂ ಆಳ, ನೀರೂ ಕಡಿಮೆ, ನನ್ನ ಧೈರ್ಯವಂತೂ ಇನ್ನೂ ಕಡಿಮೆ. ಒಮ್ಮೆ ಹುಡುಗರೆಲ್ಲ ಸೇರಿ ದೂಡಿದಾಗ ಒರಳುಕಲ್ಲಿನಂತೆ ನೆಟ್ಟಗೆ ಕೆಳಗೆ ಹೋಗಿದ್ದೆ. ಹಗ್ಗ ಹಾಕಿ ಎತ್ತಿದರು. ಅಂದಿನಿಂದ ಮುಖ ತೊಳೆಯುವಾಗಲೂ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುವವನು ನಾನು.

ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋದಾಗ ಭಾವಮೈದುನರು ಬಾವಿಗೆ ಕರೆದರು. ಹೊಸ ಅಳಿಯ ಈಜಿ ತೋರಿಸಬೇಕು, ಅದೊಂದು ಚೇಷ್ಟೆ. ನೆಗಡಿಯಾಗಿದೆ ಎಂದೆ. ಮುಂದಿನ ಸಲವೂ ನೆಗಡಿ. ಆ ಮನೆಯಲ್ಲಿ ನನಗೆ ನೆಗಡಿ ಅಳಿಯ ಎಂದೇ ಹೆಸರು ಬಿದ್ದಿತ್ತೆಂದು ಬಹಳ ವರ್ಷದ ಮೇಲೆ ತಿಳಿಯಿತು. ಕಾಶವ್ವ ಮಾತ್ರ ಒಮ್ಮೆಯೂ ನಕ್ಕಿರಲಿಲ್ಲ, ಕೇಳಿಯೂ ಇರಲಿಲ್ಲ. ನಮ್ಮೂರಿಗೆ ಬಂದಮೇಲೆ ಅವಳೂ ನೀರಿಗೆ ಇಳಿಯಲಿಲ್ಲ. ಸೊಸೆಯಂದಿರು ಬಾವಿಯಲ್ಲಿ ಈಜುವ ಪದ್ಧತಿ ನಮ್ಮಲ್ಲಿರಲಿಲ್ಲ.

ಈಗ ನೋಡಿ, ಈ ಹೆಂಗಸು ಸಮುದ್ರದಲ್ಲಿ ಮೀನಿನಂತೆ ಹೋಗುತ್ತಾಳೆ, ನಾನು ದಂಡೆಯ ಮೇಲೆ ಚಪ್ಪಲಿ ಕಾಯುತ್ತ ಕುಳಿತಿರಬೇಕು. ಅಕ್ಕಪಕ್ಕದ ಜನ, ಅಜ್ಜಾರೇ ನೀವು ಇಳಿಯುವುದಿಲ್ಲವೇ ಎಂದು ಕೇಳುತ್ತಾರೆ. ಅಲ್ಲಿ ಯಾವ ನೆಗಡಿ ಹೇಳಲಿ? ಇದು ಒಂದು. ಇನ್ನೊಂದು, ಅವಳಿಗೇನಾದರೂ ಆದರೆ ಒಂದು ಹೆಜ್ಜೆ ಮುಂದೆ ಹೋಗಿ ಹಿಡಿಯಲಾರದ ಗಂಡ ನಾನು. ಈ ಎರಡನೆಯದನ್ನೇ ಮೊದಲು ಹೇಳಬೇಕಿತ್ತು. ಆದರೆ ಮನಸ್ಸಿನಲ್ಲಿ ಮೊದಲು ಬಂದದ್ದು ಮೊದಲನೆಯದೇ. ಸುಳ್ಳು ಯಾಕೆ ಹೇಳಲಿ.

ಬ್ಯಾಡ ಎಂದಿದ್ದರೆ ಮುಗಿಯುತ್ತಿತ್ತು. ನಾನು ಬ್ಯಾಡ ಎನ್ನಲಿಲ್ಲ. ನಾನು ಆರಿಸಲು ಕುಳಿತೆ.

ಇಲ್ಲಿ ನನ್ನ ಹೆಸರಿನ ಬಗ್ಗೆ ಸ್ವಲ್ಪ ಹೇಳಬೇಕು. ಸುತ್ತಲಿನ ಹಳ್ಳಿಗಳಲ್ಲಿ ಎತ್ತು ಕೊಳ್ಳುವವರು ನನ್ನನ್ನು ಕರೆದುಕೊಂಡು ಹೋಗುವ ರೂಢಿಯಿತ್ತು. ಲಿಂಗಪ್ಪ ನೋಡಿದ ಎತ್ತು ಎಂದರೆ ಕಣ್ಣುಮುಚ್ಚಿ ಕೊಳ್ಳಬಹುದು ಎನ್ನುತ್ತಿದ್ದರು. ನಾನು ಓದಿದ್ದು ಹೈಸ್ಕೂಲುತನಕ, ಆದರೆ ಎತ್ತಿನ ಮೈಯ ಸುಳಿ, ಹಲ್ಲು, ಗೊರಸು, ನಡಿಗೆ ಓದುವುದರಲ್ಲಿ ಪಂಡಿತ. ಎತ್ತು ನೋಡುವವನ ಮುಖ್ಯ ಗುಣ ಯಾವುದು ಗೊತ್ತೇ? ಹೊಗಳದಿರುವುದು. ಎಷ್ಟೇ ಲಕ್ಷಣದ ಎತ್ತಿರಲಿ, ಹಿಂದೆ ಮುಂದೆ ಸುತ್ತಿ, ಬಾಲ ಎತ್ತಿ, ಮುಖ ಸೊಟ್ಟ ಮಾಡಿ, “ಎಡಗಾಲು ಸ್ವಲ್ಪ ಎಳೀತೈತಿ ನೋಡ್ರಿ” ಅನ್ನಬೇಕು. ಮಾರುವವನು ಅಲ್ಲಿಗೇ ಅರ್ಧ ಇಳಿಯುತ್ತಾನೆ. ದೋಷವಿಲ್ಲದ ಎತ್ತು ಲೋಕದಲ್ಲಿ ಹುಟ್ಟಿಲ್ಲ. ಹುಡುಕುವ ತಾಳ್ಮೆ ಬೇಕು.

ಶಾರದೆ ಹೇಳಿದ್ದೂ ಇದನ್ನೇ. “ಅಪ್ಪಾ, ಆರಿಸೂದ್ರಾಗ ನೀವು ಶ್ಯಾಣ್ಯಾರು. ನೀವ ನೋಡಿ ಒಂದು ಹೇಳ್ರಿ, ಮುಂದಿಂದು ನಾ ನೋಡ್ಕೋತೇನಿ.” ನನ್ನ ಫೋನಿಗೆ ಹತ್ತಾರು ರೆಸಾರ್ಟುಗಳ ಚಿತ್ರ ಕಳಿಸಿದಳು. ಜೊತೆಗೆ ಅಲ್ಲಿ ಹೋಗಿಬಂದವರು ಬರೆದ ಅಭಿಪ್ರಾಯಗಳು. ನನ್ನ ಇಂಗ್ಲಿಷು ಚಕ್ಕಡಿಯ ವೇಗದ್ದು. ಆದರೂ ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಓದಿದೆ. ಹೊಗಳಿಕೆಯನ್ನು ದಾಟಿಕೊಂಡು ಹೋಗಿ ಬೈಗುಳ ಬಂದಲ್ಲಿ ನಿಲ್ಲುತ್ತಿದ್ದೆ. ಆಹಾ, ಅಲ್ಲಿ ಎಷ್ಟು ಸುಳಿಗಳಿದ್ದವು.

“ಇಲ್ಲಿ ದಂಡ್ಯಾಗ ಬರೇ ಕಲ್ಲು ಅಂತ. ಕಾಲು ಕೊಯ್ದು ಹೋಕ್ಕಾವಂತ,” ಎಂದೆ ಒಂದು ದಿನ.

ರೊಟ್ಟಿ ಬಡಿಯುತ್ತಿದ್ದ ಕಾಶವ್ವ, “ಬ್ಯಾರೇದ ನೋಡ್ರಿ,” ಎಂದಳು.

“ಇಲ್ಲಿ ಮೈಗೆ ಹತ್ತಿದ್ರ ಉರಿಯೋ ಜಂತು ತೇಲತಾವಂತ. ಲೋಳಿ ಲೋಳಿ.”

“ಬ್ಯಾರೇದ ನೋಡ್ರಿ.”

“ಇಲ್ಲಿ ನೀರು ಮೊಣಕಾಲತನಾನೂ ಇಲ್ಲಂತ, ಈಜಾಕ ಆಗೂದಿಲ್ಲಂತ. ಇನ್ನೊಂದ್ರಾಗ ಮೊಸಳಿ ಬಂದಿತ್ತಂತ.”

“ಸಮುದ್ರದಾಗ ಮೊಸಳಿ?”

“ಇರತಾವ. ಬರದಾರ.”

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, “ನೀವು ಭಾಳ ಚಂದಾಗಿ ನೋಡಾಕತ್ತೀರಿ ಬಿಡ್ರಿ,” ಎಂದಳು. ಅದರಲ್ಲಿ ಕುಟುಕು ಇರಲಿಲ್ಲ. ನಂಬಿಕೆಯಿತ್ತು. ಈಗ ನೆನೆದರೆ ಅದೇ ಹೆಚ್ಚು ಚುಚ್ಚುತ್ತದೆ.

ಸವಣೂರಿನಲ್ಲಿ ಖಾಜಾಸಾಬ ಎಂಬ ನನ್ನ ಗೆಳೆಯನಿದ್ದಾನೆ, ಎಲೆ ವ್ಯಾಪಾರಿ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ವಾರಕ್ಕೊಮ್ಮೆ ಅವನ ಅಂಗಡಿಯಲ್ಲಿ ಕುಳಿತು ಖಾರಾ ಚುರುಮುರಿ ತಿಂದು ಎಲೆ ಹಾಕಿಕೊಂಡು ಬರುವುದು ನನ್ನ ರೂಢಿ. ಅವನಿಗೂ ದ್ವೀಪಗಳ ದೋಷಗಳನ್ನೆಲ್ಲ ವರ್ಣಿಸಿದೆ. ಅವನು ಎಲೆಗೆ ನೀರು ಚಿಮುಕಿಸುತ್ತ ಪೂರ್ತಿ ಕೇಳಿದ.

“ಲೇ ಲಿಂಗಪ್ಪ, ಎತ್ತು ಬೇಕಾದಾಂವ ಎತ್ತು ನೋಡತಾನ. ಎತ್ತು ಬ್ಯಾಡಾದಾಂವ ಬರೇ ಹಲ್ಲು ಎಣಸ್ತಾನ. ನಿನಗ ದ್ವೀಪ ಬ್ಯಾಡಾಗೇತಿ.”

“ಹುಚ್ಚ, ನನಗ್ಯಾಕ ಬ್ಯಾಡಾಗ್ತೈತಿ.”

“ಮತ್ತ ಹೋಗು. ಬರೂಮುಂದ ಭಾಭೀನ ಕಡಿಂದ ಒಂದು ಮೀನು ಕಳಸು.” ನಕ್ಕ. ನಾನೂ ನಕ್ಕೆ. ಆದರೆ ಆ ದಿನ ಎಲೆ ಬಾಯಲ್ಲಿ ಸಪ್ಪಗಿತ್ತು.

ಕೊನೆಗೊಂದು ರೆಸಾರ್ಟು ಉಳಿಯಿತು. ಅದರಲ್ಲಿ ಏನೂ ಸಿಗದೆ ಒದ್ದಾಡುತ್ತಿದ್ದಾಗ ಒಬ್ಬ ಬರೆದದ್ದು ಕಣ್ಣಿಗೆ ಬಿತ್ತು: ನಾವು ಹೋದಾಗ ಸಮುದ್ರವೇ ಇರಲಿಲ್ಲ, ದೂರ ಹೋಗಿಬಿಟ್ಟಿತ್ತು. ನನಗೆ ನಿಧಿ ಸಿಕ್ಕಂತಾಯಿತು. ಭರತ ಇಳಿತ ಎಂಬುದನ್ನು ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ, ಆದರೆ ಅದು ನಿಜವಾಗಿ ನಡೆಯುವ ಸಂಗತಿ ಎಂದು ಯಾವತ್ತೂ ಅನ್ನಿಸಿರಲಿಲ್ಲ. ನಮ್ಮ ಕಡೆ ಕೆರೆಯ ನೀರು ಒಮ್ಮೆ ಹೋದರೆ ಮುಂದಿನ ಮಳೆಗೇ ಬರುವುದು.

ಮನೆಯಲ್ಲಿ ಹೇಳಿದೆ. ಕಾಶವ್ವ ನಂಬಲಿಲ್ಲ. “ಸಮುದ್ರ ಎಲ್ಲಿಗೆ ಎದ್ದು ಹೋಗ್ತೈತ್ರಿ, ಅದಕ್ಕೇನು ತವರುಮನಿ ಐತೇನು?”

ಅವಳ ಮುಂದೆಯೇ ಖಾತ್ರಿಯಾಗಲೆಂದು ಆ ರೆಸಾರ್ಟಿಗೇ ಫೋನು ಹಚ್ಚಿ, ಧ್ವನಿ ಹೊರಗೆ ಕೇಳುವಂತೆ ಇಟ್ಟೆ. ನನ್ನ ಹಿಂದಿ ಸವಣೂರ ಉರ್ದು. “ಸಮಂದರ್ ಉಠ್ ಕೆ ಜಾತಾ ಕತೇ, ಸಚ್ ಹೈ ಕ್ಯಾ?” ಎಂದೆ. ಆ ಕಡೆಯ ಹುಡುಗನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: ಹೌದು ಬಾಬೂಜಿ, ಹೋಗುತ್ತದೆ, ದಿನಾ ಹೋಗಿ ದಿನಾ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಗೆ ಬಹಳ ದೂರ ಹೋಗುತ್ತದೆ, ಆಗ ಕಲ್ಲೆಲ್ಲ ಮೇಲೆ ಕಾಣುತ್ತದೆ. ಚಂದ್ರ ಅರ್ಧ ಇದ್ದಾಗ ಅಷ್ಟಾಗಿ ಅಲುಗುವುದಿಲ್ಲ, ನೀರು ನಿಂತಂತೆ ಇರುತ್ತದೆ. ವಯಸ್ಸಾದವರಿಗೆ ಅದೇ ಒಳ್ಳೆಯದು.

ನಾನು ಗೆದ್ದ ಮುಖ ಮಾಡಿ ಫೋನು ಇಡುವಷ್ಟರಲ್ಲಿ ಕಾಶವ್ವ ಕೈ ಒರೆಸಿಕೊಂಡು ಗೋಡೆಯ ಪಂಚಾಂಗದ ಹತ್ತಿರ ನಿಂತಿದ್ದಳು.

“ಅರ್ಧ ಚಂದ್ರ ಅಂದ್ರ ಅಷ್ಟಮಿ. ಅಷ್ಟಮಿ ಹಿಂದ ಮುಂದ ಹೋದ್ರ ಆತಲ್ರಿ. ಮಾಘದಾಗ ನೋಡ್ರಿ, ಶಾರದಾನ ಸಾಲೀಗೂ ಅಷ್ಟು ತೊಂದ್ರಿ ಇಲ್ಲ.”

ಹೈಸ್ಕೂಲು ಓದಿದವನಿಗೆ ಹೊಳೆಯದ್ದು ತಿಥಿ ನೋಡಿ ಉಪವಾಸ ಹಿಡಿಯುವವಳಿಗೆ ರೊಟ್ಟಿ ತಿರುವಿದಷ್ಟು ಸಲೀಸಾಗಿ ಹೊಳೆಯಿತು. ಎಲ್ಲ ದೋಷ ಮುಗಿದವು. ಎತ್ತು ಹಸನಾಗಿತ್ತು.

ಮುಂದಿನದೇ ನಾನು ಹೇಳಬೇಕಾದ ಮಾತು.

ನಮ್ಮ ಮನೆಯಲ್ಲಿ ಹಿರಿಯಳೆಂದರೆ ನನ್ನ ಅಣ್ಣನ ಹೆಂಡತಿ ಗೌರವ್ವ. ಅಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಅತ್ತಿಗೆಯ ಮಾತನ್ನು ನಾವು ಯಾರೂ ಮೀರುವುದಿಲ್ಲ, ಕಾಶವ್ವನಂತೂ ಕನಸಿನಲ್ಲೂ ಮೀರುವುದಿಲ್ಲ. ಅಷ್ಟಮಿ ನವಮಿ ದಿನ ಹೊಸ್ತಿಲು ದಾಟಿ ದೂರ ಪ್ರಯಾಣ ಹೊರಡಬಾರದೆಂಬುದು ಅತ್ತಿಗೆಯ ಕಟ್ಟಳೆ. ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ನನ್ನ ಬದುಕಿನ ಅತಿ ಒಳ್ಳೆಯ ಜೋಡೆತ್ತುಗಳನ್ನು ನಾನು ಕೊಂಡದ್ದೇ ಅಷ್ಟಮಿಯಂದು; ಉಳಿದವರು ಯಾರೂ ಕೊಳ್ಳಲು ಬರುತ್ತಿರಲಿಲ್ಲವಲ್ಲ. ಪಂಚಮಿಗೆ ಮನೆ ಬಿಟ್ಟರೆ ಅಷ್ಟಮಿಗೆ ನೀರಿನ ದಂಡೆಯಲ್ಲಿ ಆರಾಮಾಗಿ ಕೂಡಬಹುದು, ಕಟ್ಟಳೆಯೂ ಮುರಿಯುವುದಿಲ್ಲ ಎಂಬ ಲೆಕ್ಕವೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಅತ್ತಿಗೆಯ ಹತ್ತಿರ ಹೋದೆ. ಅವಳು ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು.

“ಅತ್ತಿಗಿ, ಅಷ್ಟಮಿ ದಿನ ಪರಸ್ಥಳದ ನೀರಿಗೆ ಇಳದ್ರ ಏನಾರ ಆಗ್ತೈತೇನು?”

“ಯಾರು ಇಳಿಯಾಕತ್ತಾರ?”

“ಯಾರಿಲ್ಲ. ಹಂಗ ಕೇಳಿದೆ.”

ಅತ್ತಿಗೆ ಮೊರ ಕೆಳಗಿಟ್ಟಳು. “ಯಾರಿಲ್ಲ ಅನ್ನಾಂವಗ ತಿಥಿ ಯಾಕ ಬೇಕಾತೋ?”

ನಾನು ತಲೆ ತಗ್ಗಿಸಿ ಹೇಳಲೋ ಬೇಡವೋ ಎಂಬಂತೆ ಹೇಳಿದೆ. ಹೊರಡುವ ದಿನ ಯಾವುದು ಎನ್ನಲಿಲ್ಲ. ಅಷ್ಟಮಿ, ಸಮುದ್ರ, ಕಾಶವ್ವ, ಈ ಮೂರನ್ನೇ ಹೇಳಿದೆ. ಅತ್ತಿಗೆ ಎದ್ದು ಸೆರಗು ಸರಿಮಾಡಿಕೊಂಡು ನೇರ ಅಡಿಗೆಮನೆಗೆ ಹೋದಳು. ನಾನು ಹೊಲಕ್ಕೆ ಹೋದೆ. ಹೊಲದಲ್ಲಿ ಏನೂ ಕೆಲಸವಿರಲಿಲ್ಲ.

ಊಟದ ಹೊತ್ತಿಗೆ ಕಾಶವ್ವ ಹೇಳಿದಳು, “ಅಕ್ಕಾರು ಬ್ಯಾಡಂದ್ರು. ಅವರು ಅಂದಮ್ಯಾಲೆ ಬ್ಯಾಡ ಬಿಡ್ರಿ. ಮಳಿಗಾಲ ಮುಗೀಲಿ, ನೋಡೂಣು.”

“ಹೌದು, ಹಿರಿಯಾರ ಮಾತು,” ಎಂದೆ. ಅಂದು ಎರಡು ರೊಟ್ಟಿ ಹೆಚ್ಚು ಉಂಡೆ. ಶಾರದೆ ಫೋನಿನಲ್ಲಿ ಜಗಳವಾಡಿದಳು, ಅವ್ವನೇ ಅವಳನ್ನು ಸುಮ್ಮನಾಗಿಸಿದಳು. ಸಮಾಧಾನಕ್ಕೆಂದು ನಾನು ಕಾಶವ್ವನನ್ನು ಗೊಟಗೋಡಿಯ ಶಿಲ್ಪವನಕ್ಕೆ ಕರೆದುಕೊಂಡು ಹೋಗಿ ಸಿಮೆಂಟಿನ ಗೊಂಬೆಗಳನ್ನು ತೋರಿಸಿಕೊಂಡು ಬಂದೆ. ಸಿಮೆಂಟಿನ ಎತ್ತುಗಳನ್ನು ನೋಡಿ ನಾನು ಅಭ್ಯಾಸಬಲದಿಂದ ಹಿಂದೆ ಹೋಗಿ ನಿಂತೆ. ಅವಳು ನೆರಳಲ್ಲಿ ಕುಳಿತು, “ಚಂದ ಅದಾವ,” ಎಂದಳು. ಬರುವಾಗ ಶಿಗ್ಗಾವಿಯಲ್ಲಿ ಚಹಾ ಕುಡಿಸಿದೆ. ಸಮುದ್ರದ ಬದಲಿಗೆ ಚಹಾ.

ಮಳೆಗಾಲದಲ್ಲಿ ಊರಿಗೆಲ್ಲ ಜ್ವರ ಬಂತು. ಕಾಶವ್ವನ ಜ್ವರ ಇಳಿಯಿತು, ಕಿವಿನೋವು ಇಳಿಯಲಿಲ್ಲ. ಬೆಳ್ಳುಳ್ಳಿ ಎಣ್ಣೆ ಬಿಟ್ಟೆವು, ಕಾಸಿದ ಬಟ್ಟೆ ಇಟ್ಟೆವು, ಕೊನೆಗೆ ಕಿವಿ ಸೋರತೊಡಗಿದಾಗ ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಸಣ್ಣ ದೀಪ ಹಿಡಿದು ನೋಡಿ, ತಮಟೆಯಲ್ಲಿ ತೂತಾಗಿದೆ, ಸಕ್ಕರೆ ಕಾಯಿಲೆ ಇರುವುದರಿಂದ ಆಪರೇಷನ್ ಮಾಡುವ ಮಾತು ಈ ವಯಸ್ಸಿನಲ್ಲಿ ಬೇಡ, ತಲೆ ನೀರಿನಲ್ಲಿ ಮುಳುಗಿಸಬೇಡಿ ಎಂದರು.

ಕಾಶವ್ವ ಮುಖ ಮುಟ್ಟಿ ತೋರಿಸಿ ಕೇಳಿದ್ದು ಒಂದೇ ಮಾತು. “ಸಮುದ್ರದಾಗ, ಡಾಕ್ಟರ? ಬರೇ ಮಾರಿ ಇಟ್ರ?”

ಡಾಕ್ಟರು ನಕ್ಕರು. “ಅಮ್ಮಾ, ಬಾವಿ, ಕೆರಿ, ಸಮುದ್ರ, ಕಿವಿಗೆ ಎಲ್ಲಾ ಒಂದ. ಮಾರಿ ಇಟ್ರೂ ಕಿವಿಗೆ ನೀರು ಬಂದ ಬರ್ತೈತಿ. ಬ್ಯಾಡ.”

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕುಳಿತಿದ್ದಳು. ಅಳಲಿಲ್ಲ. ಸವಣೂರು ಬಂದಾಗ ಚೀಲ ಎತ್ತಿಕೊಂಡು ನನಗಿಂತ ಮೊದಲು ಇಳಿದಳು. ಆ ಚೀಲದ ಹಿಂದೆ ನಡೆಯುತ್ತ ಬಂದವನಿಗೆ ಆದ ದಣಿವು ಇನ್ನೂ ಹೋಗಿಲ್ಲ.

ಹತ್ತಿಯ ಕೆಲಸ ನಾನು ಹಚ್ಚಿಕೊಂಡದ್ದು ಆ ಮರುದಿನದಿಂದ. ಮಾತು ಬರಲಿಲ್ಲ, ಅದಕ್ಕೆ ಹತ್ತಿ ಹೊಸೆದೆ. ತಿಂಗಳುಗಳು ಹೋದವು. ಈ ವರ್ಷದ ಸಂಕ್ರಾಂತಿ ಕಳೆದು ಒಂದು ಬೆಳಿಗ್ಗೆ ಹತ್ತಿ ತೆಗೆದುಕೊಳ್ಳುತ್ತ ಅವಳು ಸಹಜವಾಗಿ ಹೇಳಿದಳು, “ಹೋದ ಮಾಘದಾಗ ಹೋಗಿದ್ರ ಒಮ್ಮೆರೆ ನೋಡಿ ಬಂದಿರ್ತಿದ್ದೆ ನೋಡ್ರಿ. ಯಾರದೂ ತಪ್ಪಲ್ಲ ಬಿಡ್ರಿ, ತಿಥಿ ಕೂಡಿ ಬರಲಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಯಾರದೂ ತಪ್ಪಲ್ಲ ಎಂದಳು. ನಾನು ಬಚ್ಚಲ ಬಾಗಿಲಿಗೆ ಕೈಕೊಟ್ಟು ನಿಂತು ಎಲ್ಲವನ್ನೂ ಹೇಳಿದೆ. ಅತ್ತಿಗೆಗೆ ಹೇಳಿದವನು ನಾನು, ಪಂಚಮಿಗೆ ಹೊರಡಬಹುದೆಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಆರಿಸುತ್ತೇನೆಂದು ಕುಳಿತದ್ದು ಬಿಡಿಸಲಿಕ್ಕೆ. ನನಗೆ ನೀರೆಂದರೆ ಅಂಜಿಕೆ. ಆ ಕೊನೆಯ ಮಾತು ಹೇಳಲು ಎಲ್ಲಕ್ಕಿಂತ ಹೊತ್ತು ಹಿಡಿಯಿತು.

ಅವಳು ಕೇಳಿ ಬಾಗಿಲು ಹಾಕಿಕೊಂಡಳು. ಒಳಗೆ ನೀರು ಹೊಯ್ದುಕೊಳ್ಳುವ ಸದ್ದು ದಿನಕ್ಕಿಂತ ತಡವಾಗಿ ಬಂತು.

ಆಮೇಲೆ ಕೆಲವು ದಿನ ಮನೆಯಲ್ಲಿ ಎಲ್ಲ ಎಂದಿನಂತೆಯೇ ನಡೆಯಿತು, ಒಂದನ್ನು ಬಿಟ್ಟು. ಉಣ್ಣುವಾಗ “ಇನ್ನೊಂದು ಹಾಕಲೇನ್ರಿ” ಎಂದು ಕೇಳುವುದನ್ನು ಅವಳು ನಿಲ್ಲಿಸಿದಳು. ರೊಟ್ಟಿಯ ಬುಟ್ಟಿಯನ್ನು ನನ್ನ ಮುಂದೆ ಇಟ್ಟು ಹೋಗುತ್ತಿದ್ದಳು. ಬೇಕಾದಷ್ಟು ರೊಟ್ಟಿ ಮುಂದಿದ್ದೂ ನನಗೆ ಹೊಟ್ಟೆ ತುಂಬುತ್ತಿರಲಿಲ್ಲ. ಅತ್ತಿಗೆಗೂ ಹೋಗಿ ಹೇಳಿದೆ. ಅವಳು ನನ್ನ ಮುಖ ನೋಡಿ, “ನನ್ನ ಬಾಯಿಲೇ ಆಡಿಸಿದೆಲ್ಲೋ ಲಿಂಗಪ್ಪ. ಆಕಿ ಕೇಳಿದ್ದು ಒಂದ, ಅದನ್ನ ನನ್ನ ಕೈಲೇ ಕಸಿಸಿದಿ,” ಎಂದಳು. ಅಂದಿನಿಂದ ಅವಳು ನನ್ನನ್ನು ಏನು ಕೇಳಬೇಕಾದರೂ ಮೊದಲು “ಖರೇ ಹೇಳು” ಎಂದೇ ಶುರುಮಾಡುತ್ತಾಳೆ. ಚಹಾ ಕುಡಿದೆಯಾ ಎಂಬುದಕ್ಕೂ.

ಒಂದು ದಿನ ಊಟದ ನಡುವೆ ಕಾಶವ್ವ ಬುಟ್ಟಿ ಇಟ್ಟು ಹೋಗಲಿಲ್ಲ, ಎದುರು ಕುಳಿತಳು.

“ಅಂಜಿಕಿ ಅಂತ ಒಂದು ಮಾತು ಹೇಳಿದ್ರ ನಾನ ಕಲಸ್ತಿದ್ದೆ,” ಎಂದಳು. “ಮದಿವ್ಯಾದ ವರ್ಷಾನ ಕಲಸ್ತಿದ್ದೆ. ನಮ್ಮಣ್ಣಗೋಳು ನಗತಿದ್ರು, ನಾ ನಗಲಿಲ್ಲ. ಇವತ್ತು ಹೇಳ್ತಾರು, ನಾಳೆ ಹೇಳ್ತಾರು ಅಂತ ಇದ್ದೆ.”

ನಾನು ತುತ್ತನ್ನು ತಾಟಿಗೆ ಇಟ್ಟೆ.

“ದ್ವೀಪ ಆರಸ್ರಿ,” ಎಂದಳು.

“ಯಾರಿಗೆ? ಡಾಕ್ಟರು ಬ್ಯಾಡ ಅಂದಾರಲ್ಲ.”

“ನಿಮಗ. ನೀವು ಮಾರಿ ಇಟ್ಟು ನೋಡ್ರಿ. ನಾ ಬಾಜೂಕ ಮೊಣಕಾಲತನ ನೀರಾಗ ನಿಂತಿರತೇನಿ. ಒಂದೊಂದ ಮೀನು ಹೆಂಗೈತಿ, ಯಾವ ಬಣ್ಣ, ಏನು ಮಾಡಾಕತ್ತೈತಿ, ಎದ್ದು ನನಗ ಹೇಳ್ರಿ. ಕಲಿಯೂತನ ನಮ್ಮ ಹೊಲದ ನೀರಿನ ಹೌದಿನಾಗ ನಾ ಕಲಸ್ತೇನಿ.”

ಹಾಸ್ಯ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಹಾಸ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಪಂಚಾಂಗ ನೋಡುವಾಗಿನ ಮುಖವಿತ್ತು.

ಮತ್ತೆ ಆರಿಸಲು ಕುಳಿತೆ. ಈ ಸಲ ಕಾಶವ್ವ ಪಕ್ಕದಲ್ಲೇ. ಹೋದ ಸಲ ದೋಷವೆಂದು ಬಿಟ್ಟದ್ದೆಲ್ಲ ಈಗ ಗುಣ. ನೀರು ಮೊಣಕಾಲತನಾನೂ ಇಲ್ಲ ಎಂದು ಯಾರೋ ಬೈದು ಬರೆದಿದ್ದರಲ್ಲ, ಆ ದಂಡೆಯನ್ನೇ ಅವಳು ಹಿಡಿದಳು. “ಇಲ್ಲಿ ನಾ ನಿಲ್ಲಬಹುದು, ನೀವು ಮಲಗಬಹುದು. ಮುಳುಗಾಕ ಜಾಗಾನ ಇಲ್ಲ,” ಎಂದಳು. ಶಾರದೆ ಬುಕ್ ಮಾಡಿದ್ದಾಳೆ. ಹೊರಡುವುದು ಪಂಚಮಿಗೆ, ಆ ದಿನವನ್ನು ಪಂಚಾಂಗದಲ್ಲಿ ತೋರಿಸಿದವಳು ಅತ್ತಿಗೆ. ಶಾರದೆ ಗಾಜಿನ ಮುಖವಾಡ, ಕೊಳವೆ ಕಳಿಸಿದಳು. ನೋಡಿದ ಖಾಜಾಸಾಬ, ಬೆಳೆಗೆ ಔಷಧಿ ಹೊಡೆಯಲು ಚೆನ್ನಾಗಿದೆ ಎಂದ.

ನಮ್ಮ ಹೊಲದಲ್ಲಿ ಕೊಳವೆಬಾವಿಯ ಪಕ್ಕ ನೀರು ತುಂಬಿಡುವ ಸಿಮೆಂಟಿನ ಹೌದಿದೆ. ನಿಂತರೆ ಸೊಂಟದವರೆಗೆ ನೀರು. ಹತ್ತು ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಅಲ್ಲಿ ನನ್ನ ಶಾಲೆ. ಕಾಶವ್ವ ಹೌದಿನ ಅಂಚಿನ ಮೇಲೆ ಕುಳಿತು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಾಲು ನೀರಿಗೆ ಬಿಟ್ಟಿರುತ್ತಾಳೆ. ನನ್ನ ಬನಿಯನ್ನಿನ ಹಿಂಭಾಗ ಅವಳ ಮುಷ್ಟಿಯಲ್ಲಿ. ಮೊದಮೊದಲು ನಾನು ಬರೇ ನಿಂತು ನಡುಗಿದೆ. ಆಮೇಲೆ ಗದ್ದ ಮುಳುಗಿತು. ಕೊಳವೆಯಲ್ಲಿ ಉಸಿರಾಡುವಾಗ ನನ್ನ ಉಸಿರು ನನಗೇ ಮುದಿ ಎತ್ತಿನದರಂತೆ ಕೇಳಿತು. ನಿನ್ನೆ ಮೊದಲ ಬಾರಿ ಮುಖವನ್ನು ಪೂರ್ತಿ ನೀರಿಗಿಟ್ಟೆ.

ಎದ್ದು ಕೊಳವೆ ಕಿತ್ತುಕೊಂಡು ಏದುಸಿರು ಬಿಡುತ್ತಿದ್ದೆ. “ಏನು ಕಾಣಿಸ್ತು?” ಎಂದಳು.

“ಪಾಚಿ ಇತ್ತು. ತಳದಾಗ ಎರಡು ಎಲಿ ಬಿದ್ದಾವು. ಒಂದು ಸಣ್ಣ ಕಪ್ಪಿ ಹೋತು.”

ಅವಳು ಬನಿಯನ್ ಬಿಡಲಿಲ್ಲ. ನೀರು ನನ್ನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

“ಇಲ್ಲ,” ಎಂದೆ. “ಕಣ್ಣು ಮುಚ್ಚಿದ್ದೆ.”

“ಗೊತ್ತೈತಿ.”

“ಹೆಂಗ?”

“ಈ ಹೌದನ್ನ ನಿನ್ನೆ ಸಂಜೀಕ ನಾನ ತಿಕ್ಕೇನಿ. ಪಾಚಿ ಎಲ್ಲಿಂದ ಬರಬೇಕು?” ಎಂದು ಇನ್ನೊಂದು ಕೈಯನ್ನು ನನ್ನ ತಲೆಯ ಹಿಂಭಾಗಕ್ಕೆ ಇಟ್ಟಳು. “ನಾ ಹಿಡದೇನಿ. ಈ ಸಲ ತೆರೀರಿ.”

ತೆರೆದೆ. ಮೊದಲು ಬರೇ ಬೆಳಕು. ಆಮೇಲೆ ಎರಡು ಪಾದಗಳು, ಗಾಜಿನಲ್ಲಿ ದೊಡ್ಡದಾಗಿ, ಒಡೆದ ಹಿಮ್ಮಡಿ, ಬೆರಳುಗಳಲ್ಲಿ ಸವೆದ ಕಾಲುಂಗುರ. ಅವು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡುತ್ತಿದ್ದವು, ನೀರನ್ನು ಎಂದೂ ಮರೆಯದವರ ಕಾಲುಗಳಂತೆ. ಉಸಿರು ಕಟ್ಟುವವರೆಗೆ ನೋಡಿದೆ.

ಎದ್ದು ಹೇಳಿದೆ. ಅವಳು ಕಾಲುಗಳನ್ನು ಸರಕ್ಕನೆ ಮೇಲೆತ್ತಿಕೊಂಡು ಸೀರೆಯಲ್ಲಿ ಮುಚ್ಚಿಕೊಂಡಳು.

“ಅವನ್ನೇನು ನೋಡತೀರಿ,” ಎಂದಳು. “ಇನ್ನೊಮ್ಮೆ ಇಡ್ರಿ ಮಾರಿ.”